ಬೀಜವೂ ಹೊಸ್ತಿಲೂ

ನಮ್ಮ ಮಾಗಳ ಗ್ರಾಮವು ತುಂಗಭದ್ರೆಯ ದಂಡೆಯ ಮೇಲಿರುವುದು. ಇಂದು ಇದು ವಿಜಯನಗರ ಜಿಲ್ಲೆಯ ಹೂವಿನಹಡಗಲಿ ತಾಲ್ಲೂಕಿನ ಊರು. ನಮ್ಮ ಹಿರಿಯರ ಕಾಲದಲ್ಲಿಯಾದರೋ ಈಚೆಯ ದಂಡೆಯು ಮದರಾಸು ಪ್ರಾಂತಕ್ಕೂ ಆಚೆಯ ದಂಡೆಯು ಮುಂಬಯಿ ಪ್ರಾಂತಕ್ಕೂ ಸೇರಿದ್ದಿತು. ೧೯೫೩ರಲ್ಲಿ ಬಳ್ಳಾರಿಯ ಸೀಮೆಯು ಮೈಸೂರು ರಾಜ್ಯವನ್ನು ಸೇರಿ, ೧೯೫೬ರಲ್ಲಿ ಧಾರವಾಡದ ಸೀಮೆಯೂ ಬಂದು ಕೂಡಿಕೊಂಡ ಮೇಲೆ, ನದಿಯು ಗಡಿಯಾಗುವುದನ್ನು ಬಿಟ್ಟು ಬರಿಯ ನದಿಯಾಯಿತು. ಗಡಿಯಿದ್ದ ಕಾಲದಲ್ಲಿಯೂ ಹರಿಗೋಲು ನಿಂತಿರಲಿಲ್ಲವಷ್ಟೆ. ಹೆಣ್ಣು ಕೊಡುವುದು, ಹೆಣ್ಣು ತರುವುದು, ಸಂತೆ, ಜಾತ್ರೆ ಎಲ್ಲವೂ ನಡೆದಿದ್ದುವು. ತವರಿನಿಂದ ಬರುವ ಮಗಳು ಸೀರೆಯ ಸೆರಗಿನಲ್ಲಿ ಒಂದು ಹಿಡಿ ಅವರೆಯ ಬೀಜವನ್ನೋ ಸೌತೆಯ ಬೀಜವನ್ನೋ ಕಟ್ಟಿಕೊಂಡು ಬರುತ್ತಿದ್ದಳು. ಅದನ್ನು ಯಾವ ಅಧಿಕಾರಿಯೂ ಕೇಳಲಿಲ್ಲ. ಕೇಳಬೇಕಾದ ಕಾರಣವೂ ಇರಲಿಲ್ಲ. ಕೊಡುವವಳಿಗೆ ಆ ಬೀಜದ ಗುಣವು ಗೊತ್ತಿದ್ದಿತು, ತರುವವಳಿಗೂ ಗೊತ್ತಿದ್ದಿತು, ತಪ್ಪಾದರೆ ಕೇಳಲು ತವರು ಮನೆಯು ಕಣ್ಣಳತೆಯಲ್ಲಿಯೇ ಇದ್ದಿತು.

ಇಂದು ಬೀಜವು ಸಮುದ್ರವನ್ನು ದಾಟಿ ಬರುವುದು. ಅದರ ಗುಣವು ಕಣ್ಣಿಗೆ ಕಾಣುವಂತಹುದಲ್ಲ. ಕೊಟ್ಟವನ ಮುಖವನ್ನು ಕೊಂಡವನು ನೋಡಿಲ್ಲ. ಹೀಗಿರುವಲ್ಲಿ ಕೇಳತಕ್ಕವರು ಯಾರು, ಉತ್ತರ ಹೇಳತಕ್ಕವರು ಯಾರು ಎಂಬ ಪ್ರಶ್ನೆಯು ಸಹಜವಾಗಿ ಏಳುವುದು. ಪ್ರಪಂಚದ ಬಹುತೇಕ ರಾಷ್ಟ್ರಗಳು ಕೂಡಿ ಈ ಪ್ರಶ್ನೆಗೆ ಒಂದು ಉತ್ತರವನ್ನು ಬರೆದಿಟ್ಟಿವೆ. ಅದಕ್ಕೆ ಕಾರ್ಟಜೆನಾ ಜೈವಿಕ ಸುರಕ್ಷತಾ ಒಡಂಬಡಿಕೆಯೆಂದು ಹೆಸರು. ಹೆಸರು ದೊಡ್ಡದಾದರೂ ಅದರ ತಿರುಳು ಗೃಹಸ್ಥರಿಗೆ ಅಪರಿಚಿತವಾದುದಲ್ಲ. ಆ ತಿರುಳನ್ನು ನಮ್ಮ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶವು.

ಮೊದಲು ಒಂದು ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಪಾತ್ರೆಯಾಗಲಿ ಬಟ್ಟೆಯಾಗಲಿ ಗಡಿಯನ್ನು ದಾಟಿ ಬಂದರೆ ಬಂದಷ್ಟೇ ಇರುವುದು; ಬೇಡವೆನಿಸಿದರೆ ಹಿಂದಕ್ಕೆ ಕಳುಹಿಸಬಹುದು. ಜೀವವುಳ್ಳ ವಸ್ತುವು ಹಾಗಲ್ಲ. ಅದು ಬೆಳೆಯುವುದು, ಹೂ ಬಿಡುವುದು, ಪರಾಗವನ್ನು ಗಾಳಿಗೆ ತೂರುವುದು, ಒಂದು ನೂರಾಗುವುದು. ಇದರ ಫಲವೇನೆಂಬುದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ನಮ್ಮ ಊರಿನ ಹಾದಿಯ ಎರಡು ಮಗ್ಗುಲಲ್ಲಿಯೂ ಬಿಳಿಯ ಹೂ ಬಿಟ್ಟು ನಿಂತಿರುವ ಕಾಂಗ್ರೆಸ್ ಹುಲ್ಲನ್ನು ನೋಡಿದರೆ ಸಾಕು. ಅಮೆರಿಕ ಖಂಡದ ಈ ಕಳೆಯನ್ನು ೧೯೫೦ರ ದಶಕದ ನಡುವೆ ಪುಣೆಯಲ್ಲಿ ಮೊದಲು ಗುರುತಿಸಿದರು. ಆ ದೇಶದಿಂದ ತರಿಸಿದ ಗೋಧಿಯ ಸಂಗಡ ಅದು ಬಂದಿತೆಂದು ಬಹುಜನರ ಅಭಿಪ್ರಾಯ. ಅದನ್ನು ಯಾರೂ ಕರೆಯಲಿಲ್ಲ, ಯಾರೂ ತಡೆಯಲಿಲ್ಲ. ಈಗ ಹೊಲ ಹಸನು ಮಾಡುವ ಹೆಣ್ಣುಮಕ್ಕಳ ಕೈಗೆ ತುರಿಯನ್ನೂ, ಎಷ್ಟೋ ಜನರಿಗೆ ಉಬ್ಬಸವನ್ನೂ ಅದು ತಂದಿಟ್ಟಿರುವುದು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿಯ ಬಾಗಿಲು ಹಾಕಿದರೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಆ ಕಳೆಯನ್ನು ತಿನ್ನಲೆಂದು ತರಿಸಿದ ದುಂಬಿಯ ಕಥೆಯು ಬೇರೆ ಬಗೆಯದು. ಮೆಕ್ಸಿಕೋ ದೇಶದ ಒಂದು ಸಣ್ಣ ದುಂಬಿಯು ಕಾಂಗ್ರೆಸ್ ಹುಲ್ಲಿನ ಎಲೆಯನ್ನು ಮೇಯುವುದೆಂದು ತಿಳಿದು, ೧೯೮೩ರಲ್ಲಿ ಅದನ್ನು ಬೆಂಗಳೂರಿಗೆ ತರಿಸಿದರು. ತಂದೊಡನೆ ಬಿಡಲಿಲ್ಲ. ಅದನ್ನು ಪ್ರತ್ಯೇಕವಾಗಿ ಕೂಡಿಹಾಕಿ, ನಮ್ಮ ಬೆಳೆಗಳನ್ನು ಅದು ತಿನ್ನುವುದೋ ಇಲ್ಲವೋ ಎಂದು ಒಂದೊಂದಾಗಿ ಪರೀಕ್ಷಿಸಿ, ೧೯೮೪ರಲ್ಲಿ ಹೊರಗೆ ಬಿಟ್ಟರು. ಕೆಲವು ವರುಷಗಳ ಮೇಲೆ ಅದೇ ದುಂಬಿಯು ಸೂರ್ಯಕಾಂತಿಯ ಎಲೆಯ ಮೇಲೆಯೂ ಕಾಣಿಸಿಕೊಳ್ಳಲು, ರೈತರಲ್ಲಿ ಗಾಬರಿ ಹುಟ್ಟಿ, ಸರಕಾರವು ತಜ್ಞರಿಂದ ಮತ್ತೊಮ್ಮೆ ವಿಚಾರಣೆ ಮಾಡಿಸಬೇಕಾಯಿತು. ಸೂರ್ಯಕಾಂತಿಯ ಮೇಲೆ ಅದು ವಂಶವನ್ನು ಬೆಳೆಸಲಾರದೆಂದು ಕಂಡುಬಂದ ಬಳಿಕ ಗಾಬರಿಯು ತಣ್ಣಗಾಯಿತು. ಈ ಎರಡು ಕಥೆಗಳಿಂದ ಎರಡು ಪಾಠಗಳು ಹುಟ್ಟುವುವು. ಜೀವವುಳ್ಳುದನ್ನು ತರುವ ಮೊದಲು ವಿಚಾರಿಸಬೇಕೆಂಬುದೊಂದು. ವಿಚಾರಿಸಿ ತಂದ ಮೇಲೆಯೂ ಕಣ್ಣಿಟ್ಟಿರಬೇಕೆಂಬುದು ಇನ್ನೊಂದು.

ಗಡಿಯಲ್ಲಿ ಬೀಜವನ್ನು ನಿಲ್ಲಿಸಿ ಕೇಳುವ ಪದ್ಧತಿಯೇ ಹೊಸದೆಂದು ತಿಳಿಯಬಾರದು. ಹೊರದೇಶದ ಕೀಟ ರೋಗಗಳು ಒಳಗೆ ಬಾರದಂತೆ ತಡೆಯಲು ೧೯೧೪ರಲ್ಲಿಯೇ ಒಂದು ಕಾಯಿದೆಯಾಯಿತು. ೧೯೨೩ರಲ್ಲಿ ಹತ್ತಿಯ ಸಾಗಾಣಿಕೆಯ ಕಾಯಿದೆಯೆಂಬುದು ಬಂದಿತು. ಒಳ್ಳೆಯ ಹತ್ತಿ ಬೆಳೆಯುವ ಸೀಮೆಯನ್ನು ಪ್ರಾಂತ ಸರಕಾರವು ಆ ಕಾಯಿದೆಯ ಮೇರೆಗೆ ಗೊತ್ತುಪಡಿಸಿದರೆ, ಹೊರಗಿನ ಅರಳೆಯಾಗಲಿ ಹತ್ತಿಕಾಳಾಗಲಿ ಪರವಾನಗಿಯಿಲ್ಲದೆ ಆ ಸೀಮೆಯೊಳಕ್ಕೆ ಬರುವಂತಿರಲಿಲ್ಲ. ಕೀಳು ಹತ್ತಿಯು ಮೇಲು ಹತ್ತಿಯಲ್ಲಿ ಬೆರೆತು ಸೀಮೆಯ ಹೆಸರೇ ಕೆಡುತ್ತಿದ್ದುದು ಅದಕ್ಕೆ ಕಾರಣವು. ಆದರೆ ಆಗಿನ ಬೆರಕೆಯನ್ನು ಅನುಭವಸ್ಥನಾದ ವ್ಯಾಪಾರಿಯು ಎಳೆಯನ್ನು ಜಗ್ಗಿ ನೋಡಿ ಹೇಳಬಲ್ಲವನಾಗಿದ್ದನು. ಈಗಿನ ಕುಲಾಂತರಿ ಬೀಜದ ಭೇದವು ಯಾವ ಕೈಗೂ ಯಾವ ಕಣ್ಣಿಗೂ ನಿಲುಕುವುದಲ್ಲ.

ಕುಲಾಂತರಿ ಎಂದರೇನು? ಪ್ರತಿಯೊಂದು ಜೀವಿಯ ಕಣದೊಳಗೆ ಅದರ ಗುಣಗಳನ್ನು ತಾಯಿಯಿಂದ ಮಗುವಿಗೆ ಒಯ್ಯುವ ವಂಶವಾಹಿಗಳು ಇರುವುವು. ಜೋಳಕ್ಕೂ ಜೋಳಕ್ಕೂ ಕೂಡಿಸಿ ಹೊಸ ತಳಿಯನ್ನು ಮಾಡುವುದು ಹಳೆಯ ವಿದ್ಯೆಯು. ಅಲ್ಲಿ ಕುಲವು ಕೆಡದು. ಒಂದು ಕುಲದ ಜೀವಿಯಿಂದ ವಂಶವಾಹಿಯನ್ನು ತೆಗೆದು, ಸಹಜವಾಗಿ ಎಂದೂ ಕೂಡಲಾರದ ಮತ್ತೊಂದು ಕುಲದ ಜೀವಿಯಲ್ಲಿ ಪ್ರಯೋಗಶಾಲೆಯೊಳಗೆ ಇರಿಸಿದರೆ ಕುಲಾಂತರಿಯಾಗುವುದು. ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಮಣ್ಣಿನ ಸೂಕ್ಷ್ಮಜೀವಿಯು ಕೆಲವು ಹುಳುಗಳಿಗೆ ವಿಷವಾಗುವ ಪದಾರ್ಥವನ್ನು ಹುಟ್ಟಿಸುವುದು. ಆ ಗುಣದ ವಂಶವಾಹಿಯನ್ನು ಹತ್ತಿಯ ಗಿಡಕ್ಕೆ ಸೇರಿಸಲು, ಗಿಡವೇ ಕಾಯಿಕೊರಕ ಹುಳುವಿಗೆ ವಿಷವಾಯಿತು. ಆ ಸೂಕ್ಷ್ಮಜೀವಿಯ ಹೆಸರಿನ ಎರಡು ಮೊದಲಕ್ಷರಗಳೇ ನಮ್ಮ ರೈತರು ದಿನಬೆಳಗಾದರೆ ಆಡುವ ಬಿ.ಟಿ. ಎಂಬ ಮಾತು.

ಈ ಹತ್ತಿಯು ನಮ್ಮ ದೇಶದ ಹೊಸ್ತಿಲನ್ನು ದಾಟಿದ ಬಗೆಯು ಕೇಳತಕ್ಕದ್ದಾಗಿದೆ. ೧೯೮೬ರ ಪರಿಸರ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ ೧೯೮೯ರ ಡಿಸೆಂಬರ್ ೫ರಂದು ಭಾರತ ಸರಕಾರವು ಕುಲಾಂತರಿ ಜೀವಿಗಳ ತಯಾರಿಕೆ, ಬಳಕೆ, ಆಮದು, ರಫ್ತುಗಳಿಗೆ ನಿಯಮಗಳನ್ನು ಹೊರಡಿಸಿದ್ದಿತು. ಆ ನಿಯಮಗಳ ಮೇರೆಗೆ ೧೯೯೫ರಲ್ಲಿ ಮಹಿಕೋ ಕಂಪನಿಯು ಅಮೆರಿಕದ ಮಾನ್ಸಾಂಟೊ ಕಂಪನಿಯಿಂದ ಬಿ.ಟಿ. ಹತ್ತಿಯ ಬೀಜವನ್ನು ತರಿಸಲು ಅಪ್ಪಣೆ ಬೇಡಿತು. ಅಪ್ಪಣೆಯಾದುದು ಕೇವಲ ೧೦೦ ಗ್ರಾಂ ಬೀಜಕ್ಕೆ. ಆ ಬೀಜದ ಗಿಡಗಳನ್ನು ನಮ್ಮ ದೇಶದ ಹತ್ತಿಯೊಡನೆ ಕೂಡಿಸಿ ತಳಿಗಳನ್ನು ಮಾಡಿದರು. ೧೯೯೮ರಲ್ಲಿ ರೈತರ ಹೊಲಗಳಲ್ಲಿ ಪ್ರಯೋಗಗಳು ನಡೆಯುತ್ತಿರಲು, ನವೆಂಬರ್ ತಿಂಗಳಲ್ಲಿ ಪ್ರೊಫೆಸರ್ ಎಂ. ಡಿ. ನಂಜುಂಡಸ್ವಾಮಿಯವರ ನಾಯಕತ್ವದ ಕರ್ನಾಟಕ ರಾಜ್ಯ ರೈತ ಸಂಘದವರು ರಾಯಚೂರು ಜಿಲ್ಲೆಯಲ್ಲಿ ಅಂತಹ ಬೆಳೆಯನ್ನು ಕಿತ್ತು ಸುಟ್ಟರು. ಯಾವ ಹೊಲದಲ್ಲಿ ಏನನ್ನು ಬಿತ್ತಿದ್ದಾರೆಂಬುದನ್ನು ಜನರಿಗೆ ತಿಳಿಸಿರಲಿಲ್ಲವೆಂಬುದು ಅವರ ಆಕ್ಷೇಪಗಳಲ್ಲಿ ಒಂದಾಗಿದ್ದಿತು. ಸುಟ್ಟುದು ಸರಿಯೋ ತಪ್ಪೋ ಎಂಬ ವಿಷಯದಲ್ಲಿ ಅಭಿಪ್ರಾಯಭೇದವಿರಬಹುದು. ಹೇಳದೆ ಬಿತ್ತಿದರೆ ಅನುಮಾನವೇ ಮೊದಲು ಮೊಳೆಯುವುದೆಂಬ ವಿಷಯದಲ್ಲಿ ಭೇದವಿರಲಾರದು.

೨೦೦೨ರ ಮಾರ್ಚ್ ೨೬ರಂದು ಬಿ.ಟಿ. ಹತ್ತಿಗೆ ಸರಕಾರದ ಒಪ್ಪಿಗೆ ದೊರೆಯಿತು. ಒಪ್ಪಿಗೆಯಾದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ೧೦೦ ಗ್ರಾಂ ಬೀಜದೊಡನೆ ಬಂದ ಆ ಗುಣವು ಇಂದು ನಮ್ಮ ದೇಶದ ಹತ್ತಿಯ ಹೊಲಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲನ್ನು ವ್ಯಾಪಿಸಿರುವುದು. ೨೦೦೨–೦೩ರಲ್ಲಿ ದೇಶದಲ್ಲಿ ಸುಮಾರು ೧೩೬ ಲಕ್ಷ ಬೇಲುಗಳಷ್ಟಿದ್ದ ಹತ್ತಿಯು ೨೦೧೩–೧೪ರಲ್ಲಿ ಸುಮಾರು ೩೯೮ ಲಕ್ಷ ಬೇಲುಗಳಿಗೆ ಏರಿತು. ಇದರಲ್ಲಿ ನೀರು, ಗೊಬ್ಬರ, ಸಂಕರ ತಳಿಗಳ ಪಾಲೂ ಉಂಟು, ಬಿ.ಟಿ.ಯ ಪಾಲೂ ಉಂಟು. ಆಮೇಲೆ ಗುಲಾಬಿ ಕಾಯಿಕೊರಕವು ಆ ವಿಷವನ್ನು ಅರಗಿಸಿಕೊಳ್ಳಲು ಕಲಿತು ರೈತರನ್ನು ಮತ್ತೆ ಕಾಡತೊಡಗಿದುದೂ ನಿಜವು. ನಮಗೆ ಇಲ್ಲಿ ಮುಖ್ಯವಾದುದು ಬೇರೆ ಸಂಗತಿ. ಎರಡು ಹಿಡಿಯ ಬೀಜವು ಏಳು ವರುಷದಲ್ಲಿ ಒಪ್ಪಿಗೆ ಪಡೆದು, ಆಮೇಲಿನ ಹತ್ತು ಹನ್ನೆರಡು ವರುಷದಲ್ಲಿ ದೇಶವನ್ನೇ ತುಂಬಬಲ್ಲುದೆಂದ ಮೇಲೆ, ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ಅದು ಎರಡು ಹಿಡಿಯಾಗಿರುವಾಗಲೇ ಕೇಳಬೇಕು.

ನಮ್ಮ ದೇಶದಲ್ಲಿ ನಿಯಮಗಳು ಇದ್ದುವು. ಅನೇಕ ದೇಶಗಳಲ್ಲಿ ಇರಲಿಲ್ಲ. ೧೯೯೨ರಲ್ಲಿ ಬ್ರೆಜಿಲಿನ ರಿಯೋ ಪಟ್ಟಣದಲ್ಲಿ ಜೀವವೈವಿಧ್ಯದ ರಕ್ಷಣೆಗಾಗಿ ರಾಷ್ಟ್ರಗಳು ಒಂದು ದೊಡ್ಡ ಒಪ್ಪಂದಕ್ಕೆ ಬಂದಿದ್ದುವು. ಅದರ ಮುಂದುವರಿಕೆಯಾಗಿ ಕುಲಾಂತರಿಗಳ ಸಾಗಾಣಿಕೆಗೆ ಪ್ರತ್ಯೇಕ ಕಟ್ಟಳೆಯನ್ನು ಬರೆಯಲು ೧೯೯೯ರ ಫೆಬ್ರುವರಿಯಲ್ಲಿ ಕೊಲಂಬಿಯ ದೇಶದ ಕಾರ್ಟಜೆನಾ ಎಂಬ ಬಂದರಿನಲ್ಲಿ ಸಭೆ ಸೇರಿದರು. ಧಾನ್ಯವನ್ನು ಮಾರುವ ದೇಶಗಳು ಒಂದು ಕಡೆಗೂ ಕೊಳ್ಳುವ ದೇಶಗಳು ಇನ್ನೊಂದು ಕಡೆಗೂ ಜಗ್ಗಲಾಗಿ ಸಭೆಯು ಮುರಿದುಹೋಯಿತು. ಮರುವರುಷ, ೨೦೦೦ದ ಜನವರಿ ೨೯ರಂದು, ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಒಡಂಬಡಿಕೆಯು ಕೈಗೂಡಿತು. ಹೆಸರು ಮಾತ್ರ ಕಾರ್ಟಜೆನಾದ್ದೇ ಉಳಿಯಿತು. ಭಾರತವು ೨೦೦೩ರ ಜನವರಿಯಲ್ಲಿ ಅದನ್ನು ಅಂಗೀಕರಿಸಿತು. ಅದೇ ವರುಷ ಸೆಪ್ಟೆಂಬರ್ ೧೧ರಿಂದ ಅದು ಜಾರಿಗೆ ಬಂದಿತು. ಈಗ ೧೭೦ಕ್ಕೂ ಹೆಚ್ಚು ಪಕ್ಷಗಳು ಅದಕ್ಕೆ ಒಳಪಟ್ಟಿವೆ. ೨೦೧೨ರಲ್ಲಿ ಆ ಪಕ್ಷಗಳ ಆರನೆಯ ಸಭೆಯು ನಮ್ಮ ನೆರೆಯ ಹೈದರಾಬಾದಿನಲ್ಲಿಯೇ ಕೂಡಿದ್ದಿತು.

ಈ ಒಡಂಬಡಿಕೆಯ ಹೃದಯವೆಂದರೆ, ತಿಳಿಸಿ ಮುಂಗಡವಾಗಿ ಒಪ್ಪಿಗೆ ಪಡೆಯಬೇಕೆಂಬ ವಿಧಿ. ಹೆಣ್ಣು ಕೇಳಲು ಬರುವವರ ಮರ್ಯಾದೆಯನ್ನು ಬಲ್ಲ ಗೃಹಿಣಿಯರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಒಂದು ಕುಲಾಂತರಿ ಬೀಜವನ್ನು ಬಿತ್ತುವ ಸಲುವಾಗಿ ಮೊದಲನೆಯ ಬಾರಿ ಇನ್ನೊಂದು ದೇಶಕ್ಕೆ ಕಳುಹಿಸುವ ಮೊದಲು, ಕಳುಹಿಸುವ ಕಡೆಯವರು ತೆಗೆದುಕೊಳ್ಳುವ ದೇಶಕ್ಕೆ ಬರವಣಿಗೆಯಲ್ಲಿ ತಿಳಿಸಬೇಕು. ಬೀಜದ ಹೆಸರೇನು, ಮೂಲವೆಲ್ಲಿ, ಯಾವ ಜೀವಿಯಿಂದ ಯಾವ ಗುಣವನ್ನು ತಂದು ಸೇರಿಸಿದೆ, ಅಪಾಯದ ಪರೀಕ್ಷೆ ಏನಾಗಿದೆ, ಎಲ್ಲವನ್ನೂ ಹೇಳಬೇಕು. ಪತ್ರ ಮುಟ್ಟಿತೆಂದು ೯೦ ದಿನಗಳೊಳಗೂ, ಒಪ್ಪಿದೆವೋ ಇಲ್ಲವೋ ಎಂದು ೨೭೦ ದಿನಗಳೊಳಗೂ ತೆಗೆದುಕೊಳ್ಳುವ ದೇಶವು ಉತ್ತರ ಕೊಡಬೇಕು. ಪರೀಕ್ಷೆಯ ವೆಚ್ಚವನ್ನು ಕಳುಹಿಸುವವನೇ ಭರಿಸಲೆಂದು ಕೇಳುವ ಅಧಿಕಾರವೂ ಆ ದೇಶಕ್ಕೆ ಉಂಟು. ಉತ್ತರ ಬಾರದಿದ್ದರೆ? ಮೌನವೇ ಸಮ್ಮತಿಯ ಲಕ್ಷಣವೆಂದು ಲೋಕದಲ್ಲಿ ಹೇಳುವರಷ್ಟೆ. ಈ ಒಡಂಬಡಿಕೆಯಲ್ಲಿ ಆ ಮಾತು ನಡೆಯದು. ಮೌನವನ್ನು ಸಮ್ಮತಿಯೆಂದು ತಿಳಿಯಕೂಡದೆಂದು ಅಲ್ಲಿ ಸ್ಪಷ್ಟವಾಗಿ ಬರೆದಿರುವುದು.

ಎರಡನೆಯ ವಿಧಿಯು ಮುನ್ನೆಚ್ಚರಿಕೆಯದು. ಅಪಾಯ ಉಂಟೆಂದು ಶಾಸ್ತ್ರವು ಪೂರ್ಣವಾಗಿ ಸಿದ್ಧಪಡಿಸಿಲ್ಲದ ಮಾತ್ರಕ್ಕೆ ಒಳಗೆ ಬಿಡಲೇಬೇಕೆಂದಿಲ್ಲ; ತಿಳಿವಳಿಕೆಯು ಸಾಲದಿದ್ದಾಗ ದೇಶವೊಂದು ತಡೆಯಬಹುದು. ಹೊಸ ಸಂಗತಿಗಳು ತಿಳಿದುಬಂದರೆ ಹಿಂದೆ ಮಾಡಿದ ತೀರ್ಮಾನವನ್ನು ಮತ್ತೆ ವಿಮರ್ಶಿಸಲೂಬಹುದು. ಮೂರನೆಯದು ಕಾಗದಪತ್ರಗಳ ವಿಧಿ. ಮೂಟೆಯೊಳಗೆ ಏನಿದೆಯೆಂಬುದನ್ನು ಸಂಗಡದ ಕಾಗದವು ಹೇಳಬೇಕು. ನಾಲ್ಕನೆಯದು ಬಯಲಿನಲ್ಲಿಡುವ ವಿಧಿ. ಯಾವ ದೇಶವು ಯಾವುದಕ್ಕೆ ಒಪ್ಪಿತು, ಯಾವುದನ್ನು ತಡೆಯಿತು ಎಂಬುದೆಲ್ಲವನ್ನೂ ಯಾರು ಬೇಕಾದರೂ ನೋಡುವಂತಹ ಒಂದು ಸಾಮಾನ್ಯ ಭಂಡಾರದಲ್ಲಿ ಪ್ರಕಟಿಸಬೇಕು. ಐದನೆಯದು ತಪ್ಪಿನ ವಿಧಿ. ಅಕಸ್ಮಾತ್ತಾಗಿ ಗಡಿ ದಾಟಿದರೆ ನೆರೆಯವರಿಗೆ ತಿಳಿಸಬೇಕು. ಕದ್ದು ದಾಟಿಸಿದ್ದಾದರೆ, ಹೊರಟ ದೇಶವೇ ತನ್ನ ಖರ್ಚಿನಲ್ಲಿ ಹಿಂದಕ್ಕೆ ಒಯ್ಯಬೇಕೆಂದು ಅಥವಾ ನಾಶಮಾಡಬೇಕೆಂದು ಕೇಳಬಹುದು. ಹಾನಿಯಾದರೆ ಹೊಣೆ ಯಾರದೆಂಬ ವಿಷಯಕ್ಕೆ ೨೦೧೦ರಲ್ಲಿ ಜಪಾನಿನ ನಗೋಯದಲ್ಲಿ ಮತ್ತೊಂದು ಪೂರಕ ಒಡಂಬಡಿಕೆಯಾಗಿ, ಅದು ೨೦೧೮ರ ಮಾರ್ಚ್ ೫ರಿಂದ ಜಾರಿಯಲ್ಲಿರುವುದು.

ಇಲ್ಲಿ ಅಡಿಗೆಯ ಮನೆಗೆ ಸಂಬಂಧಿಸಿದ ಒಂದು ಸೂಕ್ಷ್ಮವುಂಟು. ಈ ಒಡಂಬಡಿಕೆಯು ಜೀವವುಳ್ಳ ಕುಲಾಂತರಿಗಳಿಗೆ ಮಾತ್ರ ಸಂಬಂಧಿಸಿದುದು. ಧಾನ್ಯವಾದರೆ, ಮೊಳೆಯುವುದೋ ಇಲ್ಲವೋ ಎಂಬುದೇ ಅದರ ಒರೆಗಲ್ಲು. ಪರದೇಶದ ಕುಲಾಂತರಿ ಸೋಯಾ ಕಾಳಿನಿಂದ ತೆಗೆದ ಎಣ್ಣೆಯನ್ನು ತರಿಸಲು ೨೦೦೭ರಲ್ಲಿಯೇ ನಮ್ಮ ಸರಕಾರದ ಸಮಿತಿಯು ಒಪ್ಪಿತು, ಎಣ್ಣೆಯು ಮೊಳೆಯುವುದಿಲ್ಲ. ೨೦೨೧ರ ಆಗಸ್ಟಿನಲ್ಲಿ ಕೋಳಿಗಳ ಮೇವು ತುಟ್ಟಿಯಾದಾಗ ೧೨ ಲಕ್ಷ ಟನ್ನು ಕುಲಾಂತರಿ ಸೋಯಾ ಹಿಂಡಿಯನ್ನು ತರಿಸಲು ಅಪ್ಪಣೆಯಾಯಿತು. ಅರೆದು ಎಣ್ಣೆ ತೆಗೆದ ನಿರ್ಜೀವ ಹಿಂಡಿಗೆ ಮಾತ್ರವೆಂದು ಅಪ್ಪಣೆಯಲ್ಲಿ ಹೇಳಿದ್ದಿತು. ೨೦೦೨ರಲ್ಲಿ ಆಫ್ರಿಕದ ದಕ್ಷಿಣ ಭಾಗದಲ್ಲಿ ಬರ ಬಿದ್ದಾಗ ಅಮೆರಿಕದಿಂದ ಧರ್ಮಾರ್ಥವಾಗಿ ಬಂದ ಮೆಕ್ಕೆಜೋಳದಲ್ಲಿ ಕುಲಾಂತರಿ ಕಾಳುಗಳಿದ್ದುವು. ನೆರೆಯ ಕೆಲವು ದೇಶಗಳು ಬೀಸಿದ ಹಿಟ್ಟಾದರೆ ಆಗಬಹುದೆಂದುವು. ಜಾಂಬಿಯ ದೇಶವು ಹಿಟ್ಟನ್ನೂ ಒಲ್ಲೆನೆಂದಿತು. ಹಸಿದ ಜನರ ಮುಂದೆ ನಿಂತು ಬೇಡವೆನ್ನುವುದು ಸುಲಭವಲ್ಲ. ಕಾಳನ್ನು ಬಿತ್ತಿದರೆ ಮುಂದಿನ ಪೈರು ಏನಾಗುವುದೋ ಎಂಬ ಭಯವೂ ಸುಳ್ಳಲ್ಲ. ಬೀಸುವ ಕಲ್ಲೊಂದು ಈ ಎರಡರ ನಡುವೆ ಕೆಲವರಿಗೆ ದಾರಿ ತೋರಿಸಿತು. ತಿನ್ನುವ ಪದಾರ್ಥದ ಹಿತಾಹಿತವು ಬೇರೆಯೇ ವಿಚಾರ. ಅದಕ್ಕೆ ಆಹಾರದ ಕಾನೂನುಗಳುಂಟು. ೨೦೨೧ರ ಮಾರ್ಚಿನಿಂದ, ಹೊರದೇಶದಿಂದ ಬರುವ ೨೪ ಬಗೆಯ ಆಹಾರದ ಬೆಳೆಗಳಿಗೆ, ಇದು ಕುಲಾಂತರಿಯಲ್ಲವೆಂಬ ಪ್ರಮಾಣಪತ್ರವು ಇರಬೇಕೆಂದು ನಮ್ಮಲ್ಲಿ ಕಟ್ಟು ಮಾಡಿದರು.

ಒಡಂಬಡಿಕೆಯಲ್ಲಿ ಕೊರತೆಗಳಿಲ್ಲವೇ ಎಂದರೆ, ಇವೆ. ಕುಲಾಂತರಿ ಬೆಳೆಯನ್ನು ಬಹಳವಾಗಿ ಬೆಳೆಯುವ ಅಮೆರಿಕ ಸಂಯುಕ್ತ ಸಂಸ್ಥಾನ, ಕೆನಡಾ, ಅರ್ಜೆಂಟೈನ ದೇಶಗಳು ಅದಕ್ಕೆ ಒಳಪಟ್ಟಿಲ್ಲ. ಮಾಂಟ್ರಿಯಲ್ಲಿನಲ್ಲಿ ಬರೆದ ಒಡಂಬಡಿಕೆಗೆ ಕೆನಡಾವೇ ಹೊರಗಿರುವುದು ವಿಚಿತ್ರವಲ್ಲವೇ? ಆದರೂ ನಮ್ಮ ಬಾಗಿಲು ನಮ್ಮದೇ ಆದುದರಿಂದ, ಕಳುಹಿಸುವವನು ಒಪ್ಪಲಿ ಬಿಡಲಿ, ಒಳಗೆ ಬರುವಾಗ ನಮ್ಮ ನಿಯಮಕ್ಕೆ ತಲೆಬಾಗಲೇಬೇಕು. ಸಂಶೋಧನೆಗೆಂದು ತರಿಸುವ ಕುಲಾಂತರಿ ಬೀಜವು ನವದೆಹಲಿಯ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಸಂಸ್ಥೆಯ ಪರವಾನಗಿಯಿಲ್ಲದೆ ಬರುವಂತಿಲ್ಲ. ಅದು ಬಂದ ಮೇಲೆ ಅಲ್ಲಿಯ ಬಿಗಿಯಾದ ಗಾಜಿನ ಮನೆಯಲ್ಲಿ ಬೆಳೆಸಿ ನೋಡುವರು.

ನಾವು ಬರಿಯ ಕೊಳ್ಳುವವರೆಂದೂ ತಿಳಿಯಬಾರದು, ಕೊಡುವವರೂ ಆಗಿದ್ದೇವೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಮಹಿಕೋ ಕಂಪನಿಯ ವಂಶವಾಹಿಯನ್ನು ನಮ್ಮ ನಾಡಿನ ಬದನೆಯ ತಳಿಗಳಿಗೆ, ಉಡುಪಿಯ ಗುಳ್ಳವೂ ಸೇರಿದಂತೆ, ಸೇರಿಸುವ ಕೆಲಸ ನಡೆದಿದ್ದಿತು. ೨೦೦೯ರ ಅಕ್ಟೋಬರಿನಲ್ಲಿ ಸಮಿತಿಯು ಬಿ.ಟಿ. ಬದನೆಗೆ ಒಪ್ಪಿತು. ಕೇಂದ್ರದ ಪರಿಸರ ಸಚಿವರಾಗಿದ್ದ ಶ್ರೀ ಜೈರಾಮ್ ರಮೇಶರು ಏಳು ನಗರಗಳಲ್ಲಿ ಜನರ ಅಭಿಪ್ರಾಯವನ್ನು ಕೇಳಿದರು. ಬೆಂಗಳೂರು ಅವುಗಳಲ್ಲಿ ಒಂದು. ೨೦೧೦ರ ಫೆಬ್ರುವರಿ ೯ರಂದು ಅದನ್ನು ತಡೆಹಿಡಿದರು. ಆ ತಡೆಯು ಇಂದಿಗೂ ತೆರವಾಗಿಲ್ಲ. ಅದೇ ಕಂಪನಿಯ ವಂಶವಾಹಿಯುಳ್ಳ ಬದನೆಯನ್ನು ೨೦೧೩ರಲ್ಲಿ ನೆರೆಯ ಬಾಂಗ್ಲಾದೇಶವು ಒಪ್ಪಿ ಮರುವರುಷ ರೈತರಿಗೆ ಹಂಚಿತು. ೨೦೧೯ರಲ್ಲಿ ಹರಿಯಾಣದ ಫತೇಹಾಬಾದ್ ಜಿಲ್ಲೆಯ ಹೊಲವೊಂದರಲ್ಲಿ ಅಪ್ಪಣೆಯಿಲ್ಲದ ಬಿ.ಟಿ. ಬದನೆಯು ಕಾಣಿಸಿಕೊಳ್ಳಲು ಅಧಿಕಾರಿಗಳು ಅದನ್ನು ಕಿತ್ತು ನಾಶಮಾಡಿಸಿದರು. ಸಚಿವರ ಅಪ್ಪಣೆಗೆ ಬದನೆಯ ಬೀಜವು ಎಷ್ಟು ಬೆಲೆ ಕೊಟ್ಟಿತೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಆದುದರಿಂದ, ಮಾಂಟ್ರಿಯಲ್ಲಿನಲ್ಲಿ ಬರೆದುದು ದೆಹಲಿಯನ್ನು ಮುಟ್ಟಿದರೆ ಸಾಲದು. ಅದು ಹೊಲದ ಬದುವನ್ನೂ ಮನೆಯ ಹೊಸ್ತಿಲನ್ನೂ ಮುಟ್ಟಬೇಕು. ನಮ್ಮ ಸೀಮೆಯಲ್ಲಿ ನಡೆದ ಒಂದು ಸಂಗತಿಯನ್ನು ಹೇಳುವೆನು. ನನ್ನ ಹಳೆಯ ಶಿಷ್ಯನೊಬ್ಬನು, ಎರಡು ಎಕರೆ ಎರೆ ಹೊಲದ ಒಡೆಯನು, ಕೆಲವು ವರುಷಗಳ ಹಿಂದೆ ಮುಂಗಾರಿನಲ್ಲಿ ತಿರುಗಾಡುವ ವ್ಯಾಪಾರಿಯೊಬ್ಬನಿಂದ ಹತ್ತಿಯ ಬೀಜವನ್ನು ಕೊಂಡನು. ಪೊಟ್ಟಣದ ಮೇಲೆ ಹೆಸರಿಲ್ಲ, ತಾರೀಖಿಲ್ಲ. ಕಳೆನಾಶಕವನ್ನು ಹೊಡೆದರೆ ಕಸ ಮಾತ್ರ ಸಾಯುವುದು, ಹತ್ತಿಗೆ ಏನೂ ಆಗದು ಎಂಬುದು ಮಾರಿದವನ ಮಾತು. ಅಂತಹ ಗುಣದ ಹತ್ತಿಗೆ ನಮ್ಮ ದೇಶದಲ್ಲಿ ಒಪ್ಪಿಗೆಯಿಲ್ಲ. ಕದ್ದು ಮಾರುವವರು ಮಾತ್ರ ಇದ್ದಾರೆ. ಆಳಿನ ಕೂಲಿ ಉಳಿಯುವುದೆಂಬ ಆಸೆಯಿಂದ ಇವನು ಬಿತ್ತಿದನು, ಔಷಧವನ್ನೂ ಹೊಡೆದನು. ವಾರದೊಳಗೆ ಕಸದ ಸಂಗಡ ಅರ್ಧಕ್ಕಿಂತ ಹೆಚ್ಚು ಹತ್ತಿಯೂ ಸುಟ್ಟುಹೋಯಿತು. ಬೆರಕೆಯ ಬೀಜ. ದೂರು ಕೊಡಲು ಹೋದರೆ ರಸೀದಿ ಎಲ್ಲಿ, ಪೊಟ್ಟಣ ಎಲ್ಲಿ ಎಂದು ಕೇಳಿದರು. “ರಸೀದಿ ಕೇಳಿದ್ರ ಬೀಜಾನ ಕೊಡಂಗಿಲ್ಲ ಅಂದ್ರು, ಗುರುಗಳೇ,” ಎಂದು ಅವನು ನನ್ನ ಕಟ್ಟೆಯ ಮೇಲೆ ಕುಳಿತು ತಲೆ ತಗ್ಗಿಸಿದನು. ಅವನ ತಾಯಿಯು ಓದು ಬರಹ ಬಲ್ಲವಳಲ್ಲ. ಆ ತಾಯಿ ಹೇಳಿದ ಮಾತು ನನ್ನ ಮನಸ್ಸಿನಲ್ಲಿ ನಿಂತಿದೆ: “ಹೆಣ್ಣು ತರುವಾಗ ಏಳೂರು ವಿಚಾರಿಸ್ತೀವಿ. ಬೀಜ ತರುವಾಗ ಒಂದೂರಾದ್ರೂ ಕೇಳಬೇಕಿತ್ತಲ್ಲೋ ತಮ್ಮಾ.”

ಒಡಂಬಡಿಕೆಯ ನಲವತ್ತು ಕಲಮುಗಳ ಸಾರವನ್ನು ಆ ತಾಯಿಯು ಒಂದು ಮಾತಿನಲ್ಲಿ ಹೇಳಿಬಿಟ್ಟಳೆಂದು ನನಗೆ ತೋರಿತು. ಎಲ್ಲಿಂದ ಬಂದಿತು, ಯಾರು ಕೊಟ್ಟರು, ಗುಣವೇನು, ಹೊಣೆ ಯಾರದು ಎಂಬ ನಾಲ್ಕು ಪ್ರಶ್ನೆಗಳನ್ನು ರಾಷ್ಟ್ರವು ಬಂದರಿನಲ್ಲಿ ಕೇಳುವುದು. ಗೃಹಸ್ಥನು ಅಂಗಡಿಯಲ್ಲಿ ಕೇಳಬೇಕು. ಕಾಗದವಿಲ್ಲದ ಮೂಟೆಗೆ ಬಂದರಿನಲ್ಲಿ ಪ್ರವೇಶವಿಲ್ಲದಂತೆ ರಸೀದಿಯಿಲ್ಲದ ಬೀಜಕ್ಕೆ ನಮ್ಮ ಹೊಲದಲ್ಲಿ ಪ್ರವೇಶವಿರಬಾರದು. ಬೀಜದ ಚೀಟಿಯ ಮೇಲೆ ತಳಿಯ ಹೆಸರು, ತಯಾರಕನ ಹೆಸರು, ಪರೀಕ್ಷೆಯ ತಾರೀಖು, ನೂರಕ್ಕೆ ಎಷ್ಟು ಮೊಳೆಯುವುದೆಂಬ ಲೆಕ್ಕ ಇವುಗಳನ್ನು ನೋಡಿಕೊಳ್ಳಬೇಕು. ರಸೀದಿಯನ್ನೂ ಬರಿದಾದ ಪೊಟ್ಟಣವನ್ನೂ ಫಸಲು ಕೈಸೇರುವವರೆಗೆ ಎತ್ತಿಡಬೇಕು. ಮನೆಯ ಪತ್ರಗಳನ್ನು ಜೋಪಾನ ಮಾಡುವ ಹೆಣ್ಣುಮಕ್ಕಳು ಇದನ್ನು ತಮ್ಮ ಕೆಲಸವೆಂದು ತಿಳಿದರೆ ಗಂಡಸರ ಮರೆವಿನಿಂದಾಗುವ ಹಾನಿಯು ಬಹಳವಾಗಿ ತಪ್ಪುವುದು.

ಇನ್ನೊಂದು ನಿಯಮವನ್ನು ನಮ್ಮ ರೈತರು ತಿಳಿದೂ ಮೀರುತ್ತ ಬಂದರು. ಬಿ.ಟಿ. ಹತ್ತಿಯ ೪೫೦ ಗ್ರಾಂ ಬೀಜದ ಸಂಗಡ ೧೨೦ ಗ್ರಾಂ ಸಾಧಾರಣ ಹತ್ತಿಯ ಬೀಜವನ್ನು ಪ್ರತ್ಯೇಕ ಪೊಟ್ಟಣದಲ್ಲಿ ಕೊಡುತ್ತಿದ್ದರು. ಅದನ್ನು ಹೊಲದ ಸುತ್ತ ಬಿತ್ತಬೇಕು. ಅಲ್ಲಿ ವಿಷವನ್ನು ಕಾಣದೆ ಬೆಳೆದ ಹುಳುಗಳು, ವಿಷವನ್ನು ಗೆದ್ದ ಹುಳುಗಳೊಡನೆ ಕೂಡುವುದರಿಂದ ಸಂತತಿಯಲ್ಲಿ ವಿಷವನ್ನು ಗೆಲ್ಲುವ ಶಕ್ತಿಯು ಬೇಗನೆ ಬಲಿಯದು. ಬಹಳ ಜನರು ಆ ಪೊಟ್ಟಣವನ್ನು ಬದುವಿನ ಮೇಲೆಯೇ ಎಸೆದರು. ಗುಲಾಬಿ ಕಾಯಿಕೊರಕವು ಮತ್ತೆ ಎದ್ದು ನಿಂತುದಕ್ಕೆ ಇದೂ ಒಂದು ಕಾರಣವೆಂದು ತಜ್ಞರು ಹೇಳುವರು. ಎರಡು ಬೀಜಗಳನ್ನೂ ಒಂದೇ ಚೀಲದಲ್ಲಿ ಬೆರೆಸಿ ಕೊಡುವ ಪದ್ಧತಿಯು ಈಚೆಗೆ ಬಂದಿರುವುದು. ಎಸೆಯುವ ಕೈಗೆ ಕೊನೆಗೆ ಕಂಡುಕೊಂಡ ಉಪಾಯವು ಇದು.

ಪರದೇಶದಲ್ಲಿ ಮಕ್ಕಳಿರುವ ಮನೆಗಳಿಗೂ ಒಂದು ಮಾತು. ಬರುವಾಗ ಅಲ್ಲಿಯ ಹೂವಿನ ಬೀಜ, ಟೊಮೇಟೊ ಬೀಜಗಳನ್ನು ತಾಯಿಯ ಹಿತ್ತಲಿಗೆಂದು ಪೆಟ್ಟಿಗೆಯಲ್ಲಿ ಹಾಕಿಕೊಂಡು ಬರುವ ಪ್ರೀತಿಯು ದೊಡ್ಡದು. ಆದರೆ ೨೦೦೩ರ ಸಸ್ಯ ತಡೆಗಟ್ಟು ಆಜ್ಞೆಯ ಮೇರೆಗೆ ಪರವಾನಗಿಯೂ ಸಸ್ಯದ ಆರೋಗ್ಯದ ಪ್ರಮಾಣಪತ್ರವೂ ಇಲ್ಲದೆ ಬೀಜವನ್ನು ತರುವಂತಿಲ್ಲ. ೨೦೨೦ರಲ್ಲಿ ಅನೇಕ ದೇಶಗಳಲ್ಲಿ ಕೇಳದವರ ಮನೆಗೆ ಅಂಚೆಯಲ್ಲಿ ಬೀಜದ ಪೊಟ್ಟಣಗಳು ಬಂದಿಳಿದಾಗ ನಮ್ಮ ಸರಕಾರವೂ ಎಚ್ಚರಿಕೆಯನ್ನು ಹೊರಡಿಸಿದ್ದಿತು. ಕರೆಯದೆ ಬಂದ ಬೀಜವನ್ನು ಕುತೂಹಲಕ್ಕಾಗಿಯೂ ಬಿತ್ತಬಾರದು.

ಹೊಸ ವಿದ್ಯೆಯನ್ನು ಹೊಸದೆಂಬ ಕಾರಣಕ್ಕೆ ದೂರುವುದು ನನ್ನ ಉದ್ದೇಶವಲ್ಲ. ಕಾಯಿಕೊರಕದ ಔಷಧಕ್ಕೆ ಸಾಲ ಮಾಡಿ ಸೋತಿದ್ದ ಎಷ್ಟೋ ಮನೆಗಳಿಗೆ ಬಿ.ಟಿ. ಹತ್ತಿಯು ಕೆಲವು ಒಳ್ಳೆಯ ವರುಷಗಳನ್ನು ತಂದುದನ್ನು ನಾನು ಕಂಡಿದ್ದೇನೆ. ಬರುವ ಅತಿಥಿಯನ್ನು ಹೆಸರು ಕೇಳಿ ಒಳಗೆ ಕರೆದುಕೊಳ್ಳುವುದು ಅತಿಥಿಗೆ ಅವಮಾನವಲ್ಲ, ಮನೆಯವರ ಕರ್ತವ್ಯವು. ನಮ್ಮ ಶಾಸ್ತ್ರಗಳಲ್ಲಿ ದೇಹಲೀದೀಪವೆಂಬ ನ್ಯಾಯವೊಂದುಂಟು. ಹೊಸ್ತಿಲ ಮೇಲಿಟ್ಟ ದೀಪವು ಮನೆಯ ಒಳಗನ್ನೂ ಹೊರಗಿನ ಅಂಗಳವನ್ನೂ ಏಕಕಾಲದಲ್ಲಿ ಬೆಳಗುವುದೆಂದು ಅದರ ಅರ್ಥ. ಕಾರ್ಟಜೆನಾದ ಒಡಂಬಡಿಕೆಯನ್ನು ಓದಿದಾಗಲೆಲ್ಲ ನನಗೆ ಆ ದೀಪದ ನೆನಪಾಗುವುದು. ಬರುವ ಬೀಜದ ಮುಖವನ್ನು ಅದು ನಮಗೆ ತೋರಿಸುವುದು. ನಾವು ಕಳುಹಿಸುವ ಬೀಜದ ಮುಖವನ್ನು ನೆರೆಯವರಿಗೂ ತೋರಿಸುವುದು.

ಮುಂಗಾರಿನ ದಿನಗಳು ಬರಲಿವೆ. ನಮ್ಮ ಮನೆಗಳಲ್ಲಿ ಬೇವಿನ ಎಲೆ, ಬೂದಿಗಳನ್ನು ಹಾಕಿ ಎತ್ತಿಟ್ಟ ಬೀಜದ ಜೋಳದ ಗಡಿಗೆಗಳು ಇನ್ನೂ ಅಲ್ಲಲ್ಲಿ ಇವೆ. ಪೇಟೆಯಿಂದ ಬರುವ ಪೊಟ್ಟಣಗಳೂ ಬರುವುವು. ಎರಡನ್ನೂ ಹೊಸ್ತಿಲ ಬೆಳಕಿನಲ್ಲಿ ಒಮ್ಮೆ ನೋಡಿ, ಆಮೇಲೆ ಹೊಲಕ್ಕೆ ಒಯ್ಯೋಣ.